ಖಾಲಿ ಕಡತದ ಸಾಕ್ಷಿ

ಕಂತು ಒಂಬತ್ತು

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಸರ್ವರ್ ಸತ್ತಿತು. ಅದನ್ನು ಕೊಲ್ಲುತ್ತಿರುವವನು ಇವನೇ ಎಂದು ನಾನು ಊರಿಗೆಲ್ಲ ಸಾರಿದ್ದ ಸೂಗಪ್ಪ ಆ ಹೊತ್ತಿನಲ್ಲಿ ನನ್ನಿಂದ ಮೂರಡಿ ದೂರದಲ್ಲಿ, ಮ್ಯಾನೇಜರ್ ಸತೀಶರ ಕ್ಯಾಬಿನ್ನಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಎರಡೂ ಕೈ ಮೊಣಕಾಲಿನ ಮೇಲಿಟ್ಟು ಕೂತಿದ್ದ.

ಹೊರಗೆ ಹಾಲ್‌ನಲ್ಲಿ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಲಕಡಿಕಾಪುಲ್, ಅಬಿಡ್ಸ್, ಅಮೀರ್‌ಪೇಟ್, ಎಲ್ಲ ಕಡೆಯ ಬಸ್ ಏಜೆಂಟರದೂ ಒಂದೇ ಪ್ರಶ್ನೆ: ಟಿಕೆಟ್ ಯಾಕೆ ಬರುತ್ತಿಲ್ಲ?

ಏಳು ದಿನದಲ್ಲಿ ಏಳನೆಯ ಸಾವು. ಖಾಸಗಿ ಬಸ್ಸುಗಳ ಟಿಕೆಟ್ ಕೊಡುವ ಹೈದರಾಬಾದಿನ ನಮ್ಮ ಹಿಮಾಯತ್‌ನಗರದ ಕಂಪನಿಯಲ್ಲಿ ದಿನವೂ ಅದೇ ಹೊತ್ತಿಗೆ ಸರ್ವರ್ ಕಣ್ಣು ಮುಚ್ಚುತ್ತಿತ್ತು. ಕೊಲೆಗಾರನನ್ನು ನಾನು ನಿನ್ನೆಯೇ ಹಿಡಿದುಕೊಟ್ಟಿದ್ದೆ.

ನಾನೆಂದರೆ ಪ್ರಾಣೇಶ. ಮೊದಲಿನಿಂದ ಓದುತ್ತಿರುವವರಿಗೆ ನನ್ನ ಬಗ್ಗೆ ಹೇಳಬೇಕಿಲ್ಲ. ಹೊಸಬರಿಗೆ ಇಷ್ಟು ಸಾಕು: ಮಾನ್ವಿಯಿಂದ ಒಂದು ಟ್ರಂಕು ಹಿಡಿದು ಬಂದು ಅಮೀರ್‌ಪೇಟ್‌ನಲ್ಲಿ ನಾಲ್ಕು ಸಾವಿರ ಹುಡುಗರಿಗೆ ಲಿನಕ್ಸ್ ಕಲಿಸಿದವನು. ನಾನು ಮೆಟ್ಟಿಲು ಹತ್ತುವ ಸಪ್ಪಳ ಕೇಳಿಯೇ ಅರ್ಧ ಕಂಪ್ಯೂಟರುಗಳು ಸರಿಹೋಗುತ್ತಿದ್ದವು. ಉಳಿದರ್ಧ, ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ. ಇದೆಲ್ಲ ಬಡಾಯಿ ಎನ್ನುವವರು ಇದ್ದಾರೆ. ಅವರಿಗೆ ಈ ಕಂತು ಹಬ್ಬದೂಟ.

ಸತೀಶರು ಮೇಜಿನ ಮೇಲೆ ನೋಡಿದರು. ಸರ್ವರ್ ರೂಮಿಗೆ ಇರುವುದು ಎರಡೇ ಕೀಲಿ. ಒಂದು ಅವರದು, ಒಂದು ಸೂಗಪ್ಪನದು. ಎರಡೂ ನಿನ್ನೆ ಸಂಜೆಯಿಂದ ಆ ಮೇಜಿನ ಗಾಜಿನ ಮೇಲೆ ಪಕ್ಕಪಕ್ಕ ಬಿದ್ದಿದ್ದವು.

"ಇದೆಂತ ಪ್ರಾಣೇಶ್?" ಎಂದರು. ಮಂಗಳೂರಿನವರು, ದನಿ ಏರಿಸುವ ಅಭ್ಯಾಸವಿಲ್ಲ. "ಇವನು ಇಲ್ಲಿ ಕೂತಿದ್ದಾನೆ. ಕೀ ಇಲ್ಲಿ ಉಂಟು. ಒಳಗೆ ಹೋದದ್ದು ಯಾರು, ಭೂತವಾ?"

ಒಬ್ಬ ಸಾಮಾನ್ಯ ಮನುಷ್ಯ ಆ ಕ್ಷಣದಲ್ಲಿ, 'ನಾನು ತಪ್ಪು ತಿಳಿದಿದ್ದೆ ಸರ್' ಎನ್ನುತ್ತಿದ್ದ. ನಾಲ್ಕು ಪದ, ಅರ್ಧ ಉಸಿರು ಸಾಕು. ಆದರೆ ನಿನ್ನೆ ನಾನು ಹಾಲ್‌ನ ನಡುವೆ ನಿಂತು, ಮುನ್ನೂರು ಜನರ ಎದುರು, ಇವನನ್ನು ಬೆರಳು ಮಾಡಿ ತೋರಿಸಿದ್ದೆ. ಸರಿ, ಮುನ್ನೂರಲ್ಲ, ಹನ್ನೊಂದು. ಹನ್ನೊಂದು ಜನರ ಎದುರು ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಮುನ್ನೂರು ಜನರ ಎದುರಿಗಿಂತ ಕಷ್ಟ. ಹನ್ನೊಂದು ಜನರ ಹೆಸರೂ ಗೊತ್ತಿರುತ್ತದೆ.

"ಟೈಮರ್ ಇಟ್ಟಿರಬಹುದು ಸರ್," ಎಂದೆ. "ತಾನು ಇಲ್ಲದಾಗಲೂ ಕರೆಂಟು ಕಡಿಯೋ ಹಾಗೆ."

ಸೂಗಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಗುರುಮಠಕಲ್ ಕಡೆಯವನು, ಐವತ್ತು ದಾಟಿದವನು. ಒಂಬತ್ತು ವರ್ಷದಿಂದ ಗುತ್ತಿಗೆದಾರನೊಬ್ಬನ ಕೈಕೆಳಗೆ ಈ ಕಟ್ಟಡದಲ್ಲಿ ಏಸಿಯ ಜಾಲರಿ ತೊಳೆಯುವುದು, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು ಅವನ ಕೆಲಸ. ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಹೆಂಡತಿ ಸುಗಲಮ್ಮನ ಜೊತೆ ಅವನ ಸಂಸಾರ.

"ಟೈಮರ್ ಅಂದ್ರ ಏನ್ರಿ ಪ್ರಾಣೇಶಪ್ಪ?" ಎಂದು ಕೇಳಿದ. ಸಿಟ್ಟಿನಿಂದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನಿಗೆ ಕೇಳುವ ಹಾಗೆ.

ನಾನು ಕನ್ನಡಕ ಒರೆಸಿಕೊಂಡೆ.

"ಹುಡುಕಿ," ಎಂದರು ಸತೀಶರು, ತಮ್ಮ ಕೀಲಿಯನ್ನು ನನ್ನ ಕಡೆ ತಳ್ಳಿ. "ಮಧುರಾಳನ್ನು ಕರಕೊಂಡು ಹೋಗಿ. ಸರ್ವರ್ ಏಳಿಸಿ, ಟೈಮರ್ ಹುಡುಕಿ, ಕೀ ವಾಪಸ್ ತನ್ನಿ. ನಾಲ್ಕು ಗಂಟೆಗೆ ನಾನು ಕಂಪನಿಯ ಸಾಹುಕಾರರಿಗೆ ಒಂದು ಹೆಸರು ಕೊಡಬೇಕು. ಇವನ ಹೆಸರು ಹೋದರೆ ಗುತ್ತಿಗೆದಾರ ಇವತ್ತೇ ಇವನ ಸಾಮಾನು ಕೆಳಗೆ ಇಳಿಸುತ್ತಾನೆ. ಹಾಗಾಗಿ ಸರಿಯಾಗಿ ಹುಡುಕಿ."

*

ಮಧುರಾ ಮೈಸೂರಿನವಳು, ಕಂಪನಿ ಸೇರಿ ಐದು ತಿಂಗಳು. ನನ್ನ ಶಿಷ್ಯೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಅವಳು ಹಾಗೆ ಹೇಳಿದ್ದನ್ನು ಯಾರೂ ಕೇಳಿಲ್ಲ. ಕಡಿಮೆ ಮಾತಿನವಳು. ನನ್ನ ಜೊತೆ ಕೆಲಸ ಮಾಡುವವರಿಗೆ ಅದು ಹೇಗೂ ಅನಿವಾರ್ಯ.

ಬೀಗ ತೆಗೆದು ಒಳಗೆ ಹೋದೆವು. ಖಾಲಿ ಕೋಣೆ. ಅವಳು ಸರ್ವರ್ ಏಳಿಸಿದಳು. ನಾನು ಮೇಜಿನಡಿ, ಸ್ವಿಚ್‌ಬೋರ್ಡಿನ ಹಿಂದೆ, ಬ್ಯಾಟರಿಗಳ ಸಾಲಿನ ಸಂದಿಯಲ್ಲೆಲ್ಲ ಟಾರ್ಚು ಬಿಟ್ಟು ನೋಡಿದೆ. ಟೈಮರ್ ಇರಲಿಲ್ಲ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ಯಾಬಿನ್ನಿನಲ್ಲಿ ಆ ಪದ ಬಾಯಿಂದ ಹೊರಬೀಳುವಾಗಲೇ ಗೊತ್ತಿತ್ತು.

"ಸರ್, ಏಸಿ ನೋಡಿದ್ರಾ?" ಎಂದಳು ಮಧುರಾ.

ನೋಡಿದೆ. ಇಪ್ಪತ್ತಾರು. ಸೂಗಪ್ಪ ಅದನ್ನು ಹದಿನೆಂಟರಿಂದ ಒಂದು ಕೂದಲೆಳೆ ಅಲುಗಿಸುವವನಲ್ಲ. ಹೊರಗೆ ಏಪ್ರಿಲ್ ಬಿಸಿಲು ಡಾಂಬರನ್ನೇ ಬೇಯಿಸುತ್ತಿರುವಾಗ, ಈ ಕೋಣೆ ತುಂಬಾ ತಣ್ಣಗಿದೆ ಎಂದು ಯಾರಿಗೋ ಅನ್ನಿಸಿತ್ತು. ಅಂದರೆ ಬಂದವರು ಗುಂಡಿ ಒತ್ತಿ ಓಡಿಹೋದವರಲ್ಲ. ಸ್ವಲ್ಪ ಹೊತ್ತು ಇದ್ದವರು.

"ಸರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳು."

"ನಿನ್ನೆ ನೀವು ಒಂದು ಮಾತು ಹೇಳಿದ್ರಿ. ಕಾಯಿಲೆಯಿಂದ ಸಾಯೋ ಸರ್ವರ್ ಏನಾದ್ರೂ ಹೇಳಿ ಸಾಯುತ್ತೆ. ಕತ್ತು ಕೊಯ್ದ ಸರ್ವರ್ ಮಾತ್ರ ಏನೂ ಹೇಳಲ್ಲ. ಅದಕ್ಕೇ ಇದು ಕರೆಂಟು ಕಿತ್ತು ಕೊಂದದ್ದು ಅಂತ."

ಹೇಳಿದ್ದೆ. ಎಂಥ ಮಾತು ಅದು. ಹೇಳುವಾಗ ನನಗೇ ರೋಮಾಂಚನವಾಗಿತ್ತು.

ವಿಷಯ ಇಷ್ಟು. ಕರ್ನಲ್ ಎನ್ನುವುದು ಸರ್ವರಿನ ಜೀವ. ಅದಕ್ಕೆ ಆಘಾತವಾದಾಗ ತನ್ನ ಡಿಸ್ಕಿನ ಮೇಲೆ ಬರೆದಿಡುವಷ್ಟು ತ್ರಾಣ ಇರುವುದಿಲ್ಲ. ಕೈ ಬಿದ್ದುಹೋಗಿರುತ್ತದೆ, ಬಾಯಿ ಮಾತ್ರ ಉಳಿದಿರುತ್ತದೆ. ಅದಕ್ಕಾಗಿ ನೆಟ್‌ಕನ್ಸೋಲ್ ಎಂಬ ಉಪಾಯವಿದೆ. ಸಾಯುವ ಯಂತ್ರ ತನ್ನ ಕೊನೆಯ ಮಾತನ್ನು ತಂತಿಯ ಮೇಲೆ ಪಕ್ಕದ ಯಂತ್ರಕ್ಕೆ ಕೂಗಿ ಹೇಳುತ್ತದೆ, ಪಕ್ಕದ್ದು ಬರೆದುಕೊಳ್ಳುತ್ತದೆ. ಮೊದಲ ಸಾವಿನ ದಿನವೇ ನಾನು ಅದನ್ನು ಕಟ್ಟಿದ್ದೆ. ಬರೆದುಕೊಳ್ಳುವ ಯಂತ್ರ ಮಧುರಾಳ ಮೇಜಿನ ಪಕ್ಕದಲ್ಲಿತ್ತು. ಆಮೇಲಿನ ಪ್ರತಿ ಸಾವಿಗೂ ಅದರ ಕಡತ ಖಾಲಿ. ಆ ಖಾಲಿಯನ್ನೇ ನಾನು ಹನ್ನೊಂದು ಜನರಿಗೆ ಓದಿ ಹೇಳಿದ್ದೆ. ಕರೆಂಟು ಕೀಳಲು ಕೀಲಿ ಯಾರ ಬಳಿ ಇದೆ? ಸೂಗಪ್ಪನ ಬಳಿ. ಮುಗಿಯಿತು.

"ಅಂದಿದ್ದೆ. ಅದಕ್ಕೇನು?"

"ಸರ್ವರ್ ಚೆನ್ನಾಗಿರೋವಾಗ ಒಂದ್ಸಲ ಮಾತಾಡಿಸಿ ನೋಡಿದ್ರಾ? ಮಾತು ಆ ಕಡೆ ಬರುತ್ತಾ ಅಂತ?"

ನಾನು ಟಾರ್ಚು ಆರಿಸಿದೆ.

ಇಡೀ ಹೈದರಾಬಾದಿನಲ್ಲಿ ಆ ಪ್ರಶ್ನೆ ಕೇಳಿಸಿಕೊಳ್ಳಬಾರದ ಒಬ್ಬನೇ ಮನುಷ್ಯನಿದ್ದರೆ ಅದು ನಾನು. ಅಮೀರ್‌ಪೇಟ್‌ನಲ್ಲಿ ನನ್ನ ಮೊದಲ ಪಾಠವೇ ಅದು: ಕಟ್ಟಿದ್ದನ್ನು ಪರೀಕ್ಷಿಸದೆ ನಂಬಬೇಡಿ. ಬೋರ್ಡಿನ ಮೇಲೆ ಬರೆಸಿ, ಎದ್ದು ನಿಂತು ಓದಿಸುತ್ತಿದ್ದೆ. ನಾಲ್ಕು ಸಾವಿರ ಹುಡುಗರಿಂದ.

"ಪರೀಕ್ಷೆ ನನ್ನಂಥವರಿಗಲ್ಲ," ಎಂದೆ.

"ಸರಿ ಸರ್," ಎಂದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

*

ಸರ್ವರಿನ ಕೀಲಿಮಣೆಯಲ್ಲಿ ಅವಳು ಕರ್ನಲ್ಲಿನ ಬಾಯಿಗೆ ಒಂದು ಪದ ಕೊಟ್ಟಳು: banta. ನಾನು ಅವಳ ಮೇಜಿಗೆ ಹೋಗಿ ಕಡತ ನೋಡಿದೆ. ಖಾಲಿ.

"ಬಂತಾ ಸರ್?" ಎಂದು ಬಾಗಿಲಿನಿಂದ ಕೂಗಿದಳು.

"ಇಲ್ಲ."

ಅಲ್ಲಿಗೆ ನನ್ನ ಸಾಕ್ಷಿ ಸತ್ತಿತು. ಸರ್ವರ್ ಬದುಕಿದೆ, ಬಾಯಿ ತೆರೆದು ಮಾತಾಡುತ್ತಿದೆ, ಕೇಳಬೇಕಾದ ಯಂತ್ರಕ್ಕೆ ಏನೂ ಕೇಳುತ್ತಿಲ್ಲ. ಹಾಗಾದರೆ ಅಷ್ಟೂ ದಿನದ ಮೌನ ಸರ್ವರಿನದಲ್ಲ. ನಾನು ಕಟ್ಟಿದ ಕಿವಿಯದು.

ಗಂಟೆ ಹನ್ನೆರಡೂವರೆ. ಸೂಗಪ್ಪನಿಗೆ ಮೂರೂವರೆ ತಾಸು ಉಳಿದಿತ್ತು.

ಮೊದಲು ಕೇಳುವ ಯಂತ್ರದ ಫೈರ್‌ವಾಲ್ ನೋಡಿದೆವು. ಹೊರಗಿನ ಮಾತು ಒಳಬಾರದಂತೆ ಕಾಯುವ ಗೋಡೆ. ನೆಟ್‌ಕನ್ಸೋಲಿನ ಬಾಗಿಲು ಮುಚ್ಚಿತ್ತು. ತೆರೆದೆವು.

"ಬಂತಾ?"

"ಇಲ್ಲ."

ಆಮೇಲೆ ಕರ್ನಲ್ ಯಾವ ಮಾತನ್ನು ಹೊರಗೆ ಹೇಳಬೇಕು, ಯಾವುದನ್ನು ನುಂಗಬೇಕು ಎನ್ನುವ ಮಟ್ಟ. ಅದು ಕೆಳಗಿತ್ತು, ಸಣ್ಣಪುಟ್ಟ ಮಾತೆಲ್ಲ ಹೊರಗೇ ಬರುತ್ತಿರಲಿಲ್ಲ. ಮಧುರಾ ಅದನ್ನು ಕೊನೆಯವರೆಗೆ ಏರಿಸಿದಳು.

"ಈಗ?"

"ಇಲ್ಲಮ್ಮ."

ಎರಡು ತಪ್ಪು ಸಿಕ್ಕವು, ಎರಡೂ ನನ್ನವೇ. ಮಾತು ಇನ್ನೂ ದಾಟಿರಲಿಲ್ಲ. ಊಟದ ಹೊತ್ತಾಗಿ ಹಾಲ್ ಖಾಲಿಯಾಯಿತು. ಸತೀಶರೂ ಕೆಳಗಿನ ಹೋಟೆಲಿಗೆ ಇಳಿದರು. ಸೂಗಪ್ಪ ಮಾತ್ರ ಕ್ಯಾಬಿನ್ನಿನ ಗಾಜಿನಾಚೆ ಅದೇ ಕುರ್ಚಿಯ ತುದಿಯಲ್ಲಿ ಕೂತಿದ್ದ. ಏಳು ಎಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಎದ್ದಿರಲಿಲ್ಲ.

"ಸರ್, ಸ್ವಿಚ್ ಹತ್ರ ನಿಂತ್ಕೊಳ್ಳಿ," ಎಂದಳು ಮಧುರಾ. ಎಲ್ಲ ಕಂಪ್ಯೂಟರುಗಳ ತಂತಿಗಳೂ ಬಂದು ಸೇರುವ ಪೆಟ್ಟಿಗೆ ಅದು. ಪ್ರತಿ ತಂತಿಗೂ ಒಂದು ಹಸಿರು ದೀಪ. "ಎಲ್ರೂ ಊಟಕ್ಕೆ ಹೋಗಿದಾರೆ, ದೀಪಗಳು ಸುಮ್ನಿವೆ. ನಾನು ಒಂದೇ ಸಲಕ್ಕೆ ಸಾವಿರ ಸಾಲು ಬಿಡ್ತೀನಿ. ಯಾವ ದೀಪ ಉರಿಯುತ್ತೆ ನೋಡಿ."

ಕೇಳುವ ಯಂತ್ರದ ತಂತಿ ನಾಲ್ಕನೆಯದು. ನಾನು ನಾಲ್ಕನೆಯ ದೀಪದ ಮೇಲೆ ಕಣ್ಣು ನೆಟ್ಟೆ.

"ಬಿಟ್ಟೆ."

ನಾಲ್ಕನೆಯದು ತಣ್ಣಗೆ ಕೂತಿತ್ತು. ಒಂಬತ್ತನೆಯದು ಹುಚ್ಚು ಹಿಡಿದಂತೆ ಮಿಣುಕಿತು.

"ಇನ್ನೊಮ್ಮೆ."

ಮತ್ತೆ ಒಂಬತ್ತು. ಅವಳು ನಿಲ್ಲಿಸಿದಾಗ ನಿಂತಿತು, ಬಿಟ್ಟಾಗ ಮಿಣುಕಿತು.

ನಾನು ಒಂಬತ್ತನೆಯ ತಂತಿಯನ್ನು ಬೆರಳಿನಲ್ಲಿ ಹಿಡಿದು ಹಿಂಬಾಲಿಸಿದೆ. ಗೋಡೆಗುಂಟ ಹೋಯಿತು, ಬಾಗಿಲಿನ ಚೌಕಟ್ಟು ಹತ್ತಿ ಇಳಿಯಿತು, ಸತೀಶರ ಕ್ಯಾಬಿನ್ನಿನೊಳಗೆ ನುಗ್ಗಿ ಅವರ ಕಂಪ್ಯೂಟರಿನ ಬೆನ್ನಿಗೆ ಸೇರಿತು. ಸೂಗಪ್ಪ ಕಾಲು ಹಿಂದಕ್ಕೆ ಎಳೆದು ನನಗೆ ದಾರಿ ಬಿಟ್ಟ.

ನಾನು ಅಲ್ಲೇ, ಮೇಜಿನಡಿಯಲ್ಲಿ, ಮಂಡಿಯೂರಿ ಕೂತೆ.

ನೆಟ್‌ಕನ್ಸೋಲಿಗೆ ಒಂದು ಚಾಳಿಯಿದೆ. ಸಾಯುವ ಯಂತ್ರಕ್ಕೆ ಪಕ್ಕದ ಮನೆಯ ವಿಳಾಸ ವಿಚಾರಿಸಿಕೊಂಡು ಹೋಗುವ ವ್ಯವಧಾನವಿಲ್ಲ. ಕೇಳುವ ಯಂತ್ರದ ನೆಟ್‌ವರ್ಕ್ ಕಾರ್ಡಿನ ಮೇಲೆ ಕಾರ್ಖಾನೆಯವರು ಕೆತ್ತಿದ ಹನ್ನೆರಡು ಅಕ್ಷರದ ಸಂಖ್ಯೆಯನ್ನು ಮೊದಲೇ ಬರೆದುಕೊಟ್ಟಿರಬೇಕು. ಬೇರೆಯವರು ಯಂತ್ರದ ಮುಂದೆ ಕೂತು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ನಾನು ನೆನಪಿನಿಂದ ಬರೆದಿದ್ದೆ. ಆಫೀಸಿನ ಇಪ್ಪತ್ತೆರಡು ಕಾರ್ಡುಗಳ ಸಂಖ್ಯೆಯೂ ನನಗೆ ಬಾಯಿಪಾಠ. ಹುಡುಗರು ಪಂದ್ಯ ಕಟ್ಟಿ ಕೇಳುತ್ತಿದ್ದರು, ನಾನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದೆ.

ಒಂದು ಅಕ್ಷರವೂ ತಪ್ಪಿರಲಿಲ್ಲ. ಕಾರ್ಡು ಮಾತ್ರ ಮನೆ ಬದಲಿಸಿತ್ತು. ಸಾವುಗಳು ಶುರುವಾಗುವ ಮೂರು ದಿನ ಮೊದಲು ಸತೀಶರ ಕಂಪ್ಯೂಟರಿನ ಕಾರ್ಡು ಸುಟ್ಟುಹೋಗಿತ್ತು. ಕೇಳುವ ಯಂತ್ರದ ಕಾರ್ಡನ್ನು ಬಿಚ್ಚಿ ಅವರಿಗೆ ಹಾಕಿ, ಆ ಯಂತ್ರಕ್ಕೆ ಹೊಸದು ಹಾಕಿದವನು ನಾನೇ. ಎರಡೂ ಕೆಲಸ ನಾಲ್ಕು ನಿಮಿಷದಲ್ಲಿ, ಒಂದೇ ಸ್ಕ್ರೂಡ್ರೈವರಿನಲ್ಲಿ. ಚಪ್ಪಾಳೆ ತಟ್ಟಿದ್ದರು.

ಸರ್ವರ್ ಸಾಯುವಾಗಲೆಲ್ಲ ಕೂಗಿತ್ತು. ಪ್ರತಿ ಕೂಗೂ ತಪ್ಪದೆ ಈ ಮೇಜಿನಡಿಗೆ ಬಂದಿತ್ತು. ಇದು ನನಗೆ ಬಂದದ್ದಲ್ಲ ಎಂದು ಸತೀಶರ ಕಂಪ್ಯೂಟರ್ ಅದನ್ನು ಓದದೆ ಎಸೆದಿತ್ತು.

"ಏನರ ಬಿದ್ದೈತೇನ್ರಿ?" ಎಂದು ಮೇಲಿನಿಂದ ಸೂಗಪ್ಪ ಕೇಳಿದ. "ನಾ ಹುಡುಕಿ ಕೊಡ್ಲ್ಯಾ?"

"ಏನೂ ಇಲ್ಲ ಸೂಗಪ್ಪ," ಎಂದೆ. ಆದರೂ ಬಹಳ ಹೊತ್ತು ಮೇಲೇಳಲಿಲ್ಲ.

*

ಸಂಖ್ಯೆ ಸರಿಪಡಿಸಿದ ಕೂಡಲೇ ಮಧುರಾಳ ಪದ ಕಡತದಲ್ಲಿ ಬಂದು ಬಿತ್ತು. banta. ನಾನು ಅದನ್ನೇ ನೋಡುತ್ತ ನಿಂತೆ.

"ಈಗ ಏನ್ ಮಾಡ್ತೀರಾ ಸರ್?"

"ಹೋಗಿ ಹೇಳ್ತೀನಿ."

"ಏನಂತ?"

"ಇದ್ದದ್ದು ಇದ್ದ ಹಾಗೆ."

ಅವಳು ಕುತೂಹಲದಿಂದ ನನ್ನ ಮುಖ ನೋಡಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಅವಳು ಹಿಂದೆ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ಸತೀಶರು ಊಟ ಮುಗಿಸಿ ಬಂದು ಸೂಗಪ್ಪನ ಜೊತೆ ಒಳಗೆ ಬಹಳ ಹೊತ್ತು ಮಾತಾಡಿದರು. ಬಾಗಿಲು ತೆರೆಯುವಾಗ ಮೂರು ದಾಟಿತ್ತು. ಸರ್ವರ್ ರೂಮಿಗೆ ಬೀಗ ಹಾಕಿ ನಾನು ಕ್ಯಾಬಿನ್ನಿನೊಳಗೆ ಹೋಗಿ ಕೀಲಿಯನ್ನು ಮೇಜಿನ ಮೇಲೆ ಇನ್ನೊಂದರ ಪಕ್ಕದಲ್ಲಿಟ್ಟೆ. ಕೂರಲಿಲ್ಲ.

"ಟೈಮರ್ ಸಿಕ್ಕಿತಾ?"

"ಟೈಮರ್ ಇಲ್ಲ ಸರ್. ಇರಲೇ ಇಲ್ಲ. ಅದು ನಾನು ಬಾಯಿಗೆ ಬಂದಂತೆ ಹೇಳಿದ್ದು."

ಸತೀಶರು ಪೆನ್ನು ಕೆಳಗಿಟ್ಟರು.

"ನಿನ್ನೆ ಹೇಳಿದ್ದೂ ಸರಿಯಲ್ಲ. ಸರ್ವರ್ ಮೌನವಾಗಿ ಸತ್ತಿಲ್ಲ. ಮಾತಾಡಿದೆ. ಅದರ ಮಾತು ಬೇರೆ ಯಂತ್ರಕ್ಕೆ ಹೋಗುವ ಹಾಗೆ ಕಟ್ಟಿದವನು ನಾನು. ಪರೀಕ್ಷೆ ಮಾಡಿರಲಿಲ್ಲ. ಕರೆಂಟು ಕಿತ್ತಿದ್ದಾರೆ ಅನ್ನೋದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ."

"ಬೇರೆ ಯಂತ್ರ ಅಂದರೆ?"

"ನಿಮ್ಮದೇ ಸರ್."

ಅವರು ತಮ್ಮ ಕಂಪ್ಯೂಟರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ. "ನೀವು ಎಂತ ಮಾತಾಡುತ್ತಿದ್ದೀರಿ ಮಾರಾಯ್ರೆ? ನಿನ್ನೆ ಎಲ್ಲರ ಮುಂದೆ ಇವನ ಬುತ್ತಿ ಬಿಚ್ಚಿಸಿ ನೋಡಿದಿರಿ. ವೈರು ಕತ್ತರಿಸುವ ಇಕ್ಕುಳ ಉಂಟಾ ಅಂತ."

ನೋಡಿದ್ದೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಕಾಗದದಲ್ಲಿ ಕಟ್ಟಿದ ಶೇಂಗಾ ಹಿಂಡಿ. ಹನ್ನೊಂದು ಜನ ಬಗ್ಗಿ ನೋಡಿದ್ದರು. ಇದನ್ನು ಹೋದ ಕಂತಿನಲ್ಲಿ ನಾನು ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

"ತಪ್ಪಾಯ್ತು ಸರ್. ಎಲ್ಲರ ಮುಂದೆ ಹೇಳಿದ್ದು, ಎಲ್ಲರ ಮುಂದೆಯೇ ವಾಪಸ್ ತಗೋತೀನಿ. ಸಾಹುಕಾರರಿಗೆ ನನ್ನ ಹೆಸರು ಕೊಡಿ."

"ಬೇಕಾಗಿಲ್ಲ," ಎಂದರು ಸತೀಶರು. ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಸಾಲು. ಸರ್ವರಿನ ಕರೆಂಟು ಕಿತ್ತವನು ನಾನೇ, ಇನ್ನು ಮುಂದೆ ಮಾಡುವುದಿಲ್ಲ, ಇತ್ಯಾದಿ. ಕೆಳಗೆ ಕನ್ನಡದ ಮೂರು ಅಕ್ಷರ, ಒಂದೊಂದೂ ಬಿಡಿಬಿಡಿಯಾಗಿ, ಕಷ್ಟಪಟ್ಟು ಬರೆದದ್ದು. ಸೂಗಪ್ಪ.

"ಅರ್ಧ ಗಂಟೆ ಆಯಿತು ಸಹಿ ಹಾಕಿ. ನಾನು ಕೈ ಹಿಡಿದು ಬರೆಸಿದ್ದಲ್ಲ. ಬೇಕಾದರೆ ಅವನನ್ನೇ ಕೇಳಿ."

ಸೂಗಪ್ಪನ ಕಡೆ ತಿರುಗಿದೆ. "ಇದರಾಗ ಏನ್ ಬರದಾರ ಗೊತ್ತೈತೇನು ನಿನಗ?"

"ಓದಿ ಹೇಳ್ಯಾರ್ರಿ."

"ನೀ ಮಾಡಿಲ್ಲಂತ ನನಗ ಗೊತ್ತಾತು. ತಪ್ಪು ನಂದು. ಮತ್ಯಾಕ ಸಹಿ ಮಾಡಿದಿ?"

"ನೀವs ಹೇಳಿದ್ರಲ್ರಿ ನಿನ್ನಿ." ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. "ಒಪ್ಕೊಂಡ್ ಬಿಡು ಸೂಗಪ್ಪ, ನಾನು ನಮ್ಮ ಕಡಿಯಾವ, ಮುಂದಿಂದು ನೋಡ್ಕೋತೀನಿ ಅಂದ್ರಿ. ಮೆಟ್ಲ ಮ್ಯಾಲ ನಿಂತು, ಹೆಗಲ ಮ್ಯಾಲ ಕೈ ಇಟ್ಟು."

ಅಂದಿದ್ದೆ. ಅದನ್ನೂ ಬರೆದಿರಲಿಲ್ಲ.

"ಅದು ನಾ ಭಾಳ ಶಾಣ್ಯಾ ಅನ್ಕೊಂಡು ಆಡಿದ ಮಾತು. ಈಗ ಹೇಳಾಕತ್ತೀನಿ, ಈ ಹಾಳಿ ಹರಿ. ನೀ ಮಾಡಿಲ್ಲ."

"ಮಾಡೀನ್ರಿ."

"ಏನ್ ಮಾಡಿದಿ? ಹೆಂಗ್ ಮಾಡಿದಿ? ಹೇಳು."

ಅವನು ನೆಲ ನೋಡಿದ. "ಮಾಡೀನ್ರಿ. ಬಿಟ್‌ಬಿಡ್ರಿ."

"ಕೇಳಿತಲ್ಲ?" ಎಂದರು ಸತೀಶರು. ಗೋಡೆಯ ಗಡಿಯಾರ ಮೂರು ಹದಿನೆಂಟು ತೋರಿಸುತ್ತಿತ್ತು.

ಹೊರಗೆ ಫೋನುಗಳು ಬಡಿದುಕೊಂಡವು. ಎಲ್ಲವೂ, ಒಟ್ಟಿಗೆ.

ಸರ್ವರ್ ಮತ್ತೆ ಸತ್ತಿತ್ತು. ಒಂದೇ ದಿನದಲ್ಲಿ ಎರಡನೆಯ ಸಲ. ಎರಡೂ ಕೀಲಿ ನಮ್ಮ ಕಣ್ಣ ಮುಂದೆ ಗಾಜಿನ ಮೇಲಿದ್ದವು.

ಸತೀಶರ ಮೊಬೈಲೂ ಹೊಡೆಯಿತು. ಸಾಹುಕಾರರು. ಅವರು ಎದ್ದು ಕಿಟಕಿಯ ಕಡೆ ತಿರುಗಿ, "ಜೀ ಸಾಬ್. ಅಭೀ ದೇಖ್ ರಹಾ ಹೂಂ ಸಾಬ್," ಎನ್ನುತ್ತ ನಮಗೆ ಬೆನ್ನು ಹಾಕಿದರು.

ಬಾಗಿಲು ತಳ್ಳಿಕೊಂಡು ಮಧುರಾ ಬಂದಳು. ಕೈಯಲ್ಲಿ ಪ್ರಿಂಟರಿನ ಬಿಸಿ ಆರದ ಹಾಳೆ. "ಬಂತು ಸರ್," ಎಂದಳು, ಉಸಿರಿನ ದನಿಯಲ್ಲಿ.

ಹನ್ನೆರಡೇ ಸಾಲು. ಮೊದಲ ಸಾಲು: ಸರ್ವರಿನ ಮುಂಭಾಗದ ಯುಎಸ್‌ಬಿ ಕಿಂಡಿಗೆ ಹೊಸ ಸಾಧನ ಬಂದು ಸೇರಿದೆ. ಎರಡನೆಯದು: ಅದರ ಹೆಸರು, ಮಾಡಿದವರ ಹೆಸರು. ಅದೊಂದು ಮೊಬೈಲ್ ಫೋನು. ಮೂರನೆಯ ಸಾಲಿನಲ್ಲಿ ಕರ್ನಲ್ ಅದನ್ನು ಗುರುತಿಸಲು ಹೋಗಿ ಮುಗ್ಗರಿಸಿದೆ. ಉಳಿದ ಒಂಬತ್ತು ಸಾಲು ಬಿದ್ದವನ ಒದ್ದಾಟ.

ಕೊಲೆ ಇಲ್ಲ, ಕುತಂತ್ರವಿಲ್ಲ, ಯಾರೂ ಕರೆಂಟು ಕಿತ್ತಿಲ್ಲ. ಯಾರೋ ತಮ್ಮ ಫೋನನ್ನು ಚಾರ್ಜಿಗೆ ಹಾಕುತ್ತಿದ್ದಾರೆ. ನಮ್ಮ ಹಳೆಯ ಕರ್ನಲ್ಲಿಗೆ ಆ ಫೋನು ಅರಗುತ್ತಿಲ್ಲ.

ಸೂಗಪ್ಪನ ಬಳಿ ಮೊಬೈಲಿಲ್ಲ. ಊರಿಗೆ ಮಾತಾಡಬೇಕಾದರೆ ಅವನು ರಸ್ತೆ ದಾಟಿ ಎಸ್‌ಟಿಡಿ ಬೂತಿಗೆ ಹೋಗುತ್ತಾನೆ ಎಂದು ಆಫೀಸಿಗೆಲ್ಲ ಗೊತ್ತು.

ಆ ಹಾಳೆ ಅವನನ್ನು ಉಳಿಸುತ್ತಿತ್ತು. ಅವನ ಕೆಲಸ, ಮಹಡಿಯ ಮೇಲಿನ ಕೋಣೆ, ನಾನು ನಿನ್ನೆ ಬಿಚ್ಚಿಸಿದ ಬುತ್ತಿಯ ಮರ್ಯಾದೆ, ಎಲ್ಲವನ್ನೂ. ನಾನು ಅದನ್ನು ಅವನ ಮುಂದೆ ಹಿಡಿದೆ. ಓದಲು ಬರುವುದಿಲ್ಲ ಎಂದು ನೆನಪಾಗಿ ಕಿವಿಯ ಹತ್ತಿರ ಬಗ್ಗಿದೆ.

"ಸೂಗಪ್ಪ, ನೀ ಗೆದ್ದಿ. ಯಾರೋ ಒಳಗ ಮೊಬೈಲ್ ಚಾರ್ಜಿಗೆ ಹಚ್ಚಾಕತ್ತಾರ. ಈ ಹಾಳ್ಯಾಗ ಬರದೈತಿ. ಇಷ್ಟು ತೋರಿಸಿದ್ರ ಸಾಕು."

ಅವನು ಸರ್ವರ್ ರೂಮಿನ ಕಡೆ ನೋಡಿದ. ಎದ್ದ. ಬೆಳಗಿನಿಂದ ಕುರ್ಚಿಯ ತುದಿಯಲ್ಲಿ ಕೂತವನು ಎದ್ದು, ಎರಡು ಹೆಜ್ಜೆ ಇಟ್ಟು, ಕ್ಯಾಬಿನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಪ್ರಾಣೇಶಪ್ಪ," ಎಂದ, ಪಿಸುದನಿಯಲ್ಲಿ. "ನಿನ್ನಿ ನೀವು ನನಗ ಏನ್ ಮಾಡಿದ್ರೋ ಅದು ಹೋಗ್ಲಿ. ನಾ ಯಾರ ಮುಂದೂ ಆಡಂಗಿಲ್ಲ. ಆ ಹಾಳಿ ಅವ್ರಿಗೆ ತೋರಸಬ್ಯಾಡ್ರಿ. ಹತ್ತು ನಿಮಿಷ ಯಾರೂ ಆ ರೂಮಿನ ಕಡಿ ಹೋಗಬ್ಯಾಡ್ರಿ. ಹತ್ತು ನಿಮಿಷ ಅಷ್ಟs."

"ಒಳಗ ಯಾರದಾರ?"

ಅವನು ತಲೆ ಅಲ್ಲಾಡಿಸಿದ.

"ಕೆಲಸ ಹೋಗ್ತೈತಲೋ. ಸಂಜಿಗೆ ಸುಗಲಮ್ಮನ್ನ ಕರ್ಕೊಂಡು ಎಲ್ಲಿಗೆ ಹೋಗ್ತಿ?"

"ಹೋಗ್ಲಿ ಬಿಡ್ರಿ. ಕೆಲಸ ಮತ್ತೊಂದು ಸಿಗ್ತೈತಿ."

ಮಧುರಾ ಅವನನ್ನೂ ನನ್ನನ್ನೂ ನೋಡುತ್ತಿದ್ದಳು. ನಿನ್ನೆ ನಾನು ಅವನ ಮಾತು ಕೇಳಿರಲಿಲ್ಲ. 'ನಾ ಅಲ್ರಿ' ಎಂದು ಅವನು ನಾಲ್ಕು ಸಲ ಹೇಳಿದ್ದ, ನಾನು ಖಾಲಿ ಕಡತದ ಮಾತು ಕೇಳಿದ್ದೆ. ಈಗ ಅವನು 'ನಾನೇ' ಎನ್ನುತ್ತಿದ್ದಾನೆ, ಕೈಯಲ್ಲಿರುವ ಹಾಳೆ ಅಲ್ಲ ಎನ್ನುತ್ತಿದೆ. ಹಾಳೆಯದು ನಿಜ. ಅದರಲ್ಲಿ ಅನುಮಾನವೇ ಇರಲಿಲ್ಲ.

ಸತೀಶರು ಫೋನು ಮುಚ್ಚಿ ತಿರುಗಿದರು. ಹಾಳೆ ಕಣ್ಣಿಗೆ ಬಿತ್ತು.

"ಎಂತ ಬಂತು ಅದರಲ್ಲಿ?"

ನಾನು ಹುಟ್ಟಿದಂದಿನಿಂದ ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಪೇರಿಸಿದರೆ ಗೋಲ್ಕೊಂಡದ ಗೋಡೆ ಗಿಡ್ಡವಾಗುತ್ತದೆ. ಅಷ್ಟರಲ್ಲಿ ಇದೇ ಚಿಕ್ಕದು, ಎತ್ತಲು ಇದೇ ಭಾರ.

"ಏನಿಲ್ಲ ಸರ್. ಮಧುರಾ ಪರೀಕ್ಷೆಗೆ ಕಳಿಸಿದ ಸಾಲು." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ. "ಇನ್ನೂ ಸರಿಹೋಗಿಲ್ಲ. ಹತ್ತು ನಿಮಿಷ ಕೊಡಿ, ನಾನೇ ಹೋಗಿ ಸರ್ವರ್ ಏಳಿಸ್ತೀನಿ."

ಮಧುರಾ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು.

"ಹತ್ತು ನಿಮಿಷ," ಎಂದರು ಸತೀಶರು, ಬೇಸತ್ತು ಕುರ್ಚಿಗೆ ಒರಗುತ್ತ.

ಆ ಕ್ಯಾಬಿನ್ನಿಗೂ ಸರ್ವರ್ ರೂಮಿಗೂ ನಡುವೆ ಇರುವುದು ಒಂದೇ ಗೋಡೆ, ಪ್ಲೈವುಡ್ಡಿನದು. ಅದರಾಚೆ ಮೊಬೈಲ್ ಫೋನೊಂದು ರಿಂಗಾಗತೊಡಗಿತು.

ಒಂದು. ಎರಡು. ಮೂರನೆಯ ರಿಂಗಿಗೆ ಯಾರೋ ಅದನ್ನು ಎತ್ತಿಕೊಂಡರು.

ಸತೀಶರು ನಿಧಾನಕ್ಕೆ ಕೈ ಚಾಚಿ ಗಾಜಿನ ಮೇಲಿದ್ದ ಎರಡೂ ಕೀಲಿಗಳನ್ನು ಎತ್ತಿಕೊಂಡರು. ಅವುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.